ಅಪ್ಪ-ಅಮ್ಮನ್ನ ಬಿಟ್ಟು ನಾಯಿ ಕರ್ಕೊಂಡು ಹೋದ್ರಾ?

ಇದೇ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಈಗ ಬರ್ಲಿನ್‌ನಲ್ಲಿರುವ ಗಂಡ-ಹೆಂಡತಿ ನಾವು. ಜೊತೆಗೆ ರಾಗಿ ಇದ್ದಾಳೆ. ರಾಗಿ ಅಂದ್ರೆ ಬೀದಿಯಲ್ಲಿ ಹುಟ್ಟಿದ, ಹೆಸರಿಗೆ ತಕ್ಕ ಬಣ್ಣದ, 18 ಕೆಜಿ ತೂಕದ ಅಪ್ಪಟ ನಾಡುನಾಯಿ. ನಾವು ಹೊರಡುವಾಗ ನೆಂಟರು, ಪಕ್ಕದ ಮನೆಯವರು, ಕೊನೆಗೆ ನಮ್ಮದೇ ಬ್ಯಾಚಿನ ವಾಟ್ಸಾಪ್ ಗ್ರೂಪಿನವರೂ ಹೇಳಿದ್ದು ಒಂದೇ ಮಾತು. "ಅಪ್ಪ-ಅಮ್ಮನ್ನ ಇಲ್ಲೇ ಬಿಟ್ಟು ನಾಯಿ ಕರ್ಕೊಂಡು ಹೋಗ್ತಿದ್ದಾರಂತೆ!"

ತಮಾಷೆಗೆ ಹೇಳಿದ ಮಾತೇ ಇರಬಹುದು. ಆದರೆ ನಿಮ್ಮಲ್ಲಿ ಎಷ್ಟೋ ಜನ ಇನ್ನು ಐದಾರು ವರ್ಷದಲ್ಲಿ ಇದೇ ಮಾತು ಕೇಳಿಸಿಕೊಳ್ಳುವ ಜಾಗದಲ್ಲಿ ನಿಂತಿರ್ತೀರಿ. ಹಾಗಾಗಿ ಇದಕ್ಕೆ ಸರಿಯಾಗಿಯೇ ಉತ್ತರ ಕೊಡೋಣ ಅಂತ ಕೂತಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟು: ಸಾಕಿದ ನಾಯಿಯನ್ನು ವಿದೇಶಕ್ಕೆ ಕರೆದೊಯ್ಯುವುದು ಶೋಕಿ ಅಲ್ಲ, ಅದು ಜವಾಬ್ದಾರಿಯ ಮುಂದುವರಿಕೆ. ಆದರೆ ಆ ನಿರ್ಧಾರವನ್ನು ಆಫರ್ ಲೆಟರ್ ಬಂದ ದಿನ ತೆಗೆದುಕೊಂಡರೆ ತಡವಾಗಿರುತ್ತದೆ. ಮರಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುವ ದಿನವೇ ತೆಗೆದುಕೊಳ್ಳಬೇಕು.

ಮೊದಲು ಆ ಚುಚ್ಚುಮಾತಿಗೆ ಬರೋಣ. ಅದರಲ್ಲಿ ಅರ್ಧ ನಿಜ ಇದೆ. ರಾಗಿ ಒಮ್ಮೆ ಜರ್ಮನಿಯ ಒಳಗೆ ಬಂದಳು, ಮುಗೀತು. ಅವಳಿಗೆ ವೀಸಾ ಇಲ್ಲ, ಅದರ ಅವಧಿ ಮುಗಿಯುವ ಭಯವೂ ಇಲ್ಲ. ನಮ್ಮ ಅಪ್ಪ-ಅಮ್ಮಂದಿರು ಬಂದರೆ ಷೆಂಗೆನ್ ವೀಸಾದ ಲೆಕ್ಕ: 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. 2024ರ ಮಾರ್ಚ್ 1ರಿಂದೀಚೆಗೆ ಮೊದಲ ಸಲ ನಿವಾಸ ಪರವಾನಗಿ ಪಡೆದ ಪರಿಣತ ಉದ್ಯೋಗಿಗಳು ತಂದೆ-ತಾಯಿಯನ್ನು, ಅತ್ತೆ-ಮಾವನನ್ನು ಕರೆಸಿಕೊಳ್ಳಲು ಅಲ್ಲಿನ ಕಾನೂನು ಒಂದು ದಾರಿ ತೆರೆದಿದೆ. ಆದರೆ ಅವರ ಜೀವನದ ಖರ್ಚಿಗೂ ಆರೋಗ್ಯ ವಿಮೆಗೂ ವ್ಯವಸ್ಥೆ ಇದೆ ಅಂತ ತೋರಿಸಬೇಕು. ವಯಸ್ಸಾದವರಿಗೆ ವಿಮೆ ಹುಡುಕುವುದೇ ದೊಡ್ಡ ತಲೆನೋವು. ನಾಯಿಗೆ ರಕ್ತಪರೀಕ್ಷೆ ಸಾಕು, ಅಮ್ಮನಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಇದು ವಿಚಿತ್ರ ಅನ್ನುವವರ ಜೊತೆ ನಾವೂ ತಲೆ ಆಡಿಸ್ತೀವಿ. ಆದರೆ ಆ ಸಿಟ್ಟು ಕಾನೂನಿನ ಮೇಲೆ ಇರಲಿ, ಮೂಲೆಯಲ್ಲಿ ಮಲಗಿರುವ ನಾಯಿ ಮೇಲೆ ಬೇಡ.

ಇನ್ನರ್ಧ ಸುಳ್ಳು. ನಮ್ಮ ಅಪ್ಪ-ಅಮ್ಮಂದಿರನ್ನು ಯಾರೂ "ಬಿಟ್ಟು" ಬರಲಿಲ್ಲ. ಅವರಿಗೆ ಅವರದೇ ಊರಿದೆ, ಮನೆಯಿದೆ, ಬೆಳಗಿನ ವಾಕಿಂಗ್ ಗುಂಪಿದೆ, ಜಗಳಕ್ಕೂ ಪ್ರೀತಿಗೂ ನೆಂಟರಿದ್ದಾರೆ. ಕರೆದರೂ ಮೂರು ತಿಂಗಳಿಗಿಂತ ಹೆಚ್ಚು ನಿಲ್ಲೋದಿಲ್ಲ ಅಂತ ಅವರೇ ಹೇಳ್ತಾರೆ. ರಾಗಿಗೆ ಇದ್ದದ್ದು ನಾವಿಬ್ಬರೇ. ಅವಳಿಗೆ ವಿಡಿಯೋ ಕಾಲ್ ಮಾಡಿ "ಮುಂದಿನ ವರ್ಷ ಬರ್ತೀವಿ" ಅಂತ ಸಮಾಧಾನ ಹೇಳೋಕಾಗಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದೇ ತಪ್ಪು ಲೆಕ್ಕ.

ಈಗ ಕೆಲಸದ ವಿಷಯ. ನಿಮಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಕ್ರಿಟಿಕಲ್ ಪಾತ್ ಕಲಿಸಿರ್ತಾರೆ. ಒಂದು ಸಂಸಾರ ವಿದೇಶಕ್ಕೆ ಹೋಗುವ ಪ್ರಾಜೆಕ್ಟಿನಲ್ಲಿ ಕ್ರಿಟಿಕಲ್ ಪಾತ್ ವೀಸಾದ್ದೇ ಆಗಿರಬೇಕು ಅಂತ ಎಲ್ಲರೂ ಅಂದುಕೊಳ್ತಾರೆ. ನಮ್ಮ ಮಟ್ಟಿಗೆ ಅದು ನಾಯಿಯದಾಗಿತ್ತು. ಐರೋಪ್ಯ ಒಕ್ಕೂಟಕ್ಕೆ ಭಾರತದಿಂದ ನಾಯಿ ಬರಬೇಕಾದರೆ ಕ್ರಮ ಹೀಗಿದೆ. ಮೊದಲು ಐಎಸ್‌ಒ ಮಾದರಿಯ ಮೈಕ್ರೋಚಿಪ್. ಅದಾದ ಮೇಲೆ ರೇಬಿಸ್ ಲಸಿಕೆ. ಚಿಪ್‌ಗೆ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟ ಮಾನ್ಯ ಮಾಡಿದ ಲ್ಯಾಬಿಗೆ ಕಳಿಸಬೇಕು. ಪ್ರತಿಕಾಯದ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಹೆಚ್ಚಿರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಗೆ ಸರ್ಕಾರಿ ಪಶುವೈದ್ಯಾಧಿಕಾರಿಯ ಆರೋಗ್ಯ ಪ್ರಮಾಣಪತ್ರ. ಅದು ಕೊಟ್ಟ 10 ದಿನದೊಳಗೆ ನಾಯಿ ಯುರೋಪಿನ ಗಡಿ ತಲುಪಿರಬೇಕು.

ಕೂಡಿಸಿ ನೋಡಿ. ಎಲ್ಲವೂ ಒಂದು ದಿನವೂ ತಪ್ಪದೆ ನಡೆದರೂ ಕನಿಷ್ಠ ನಾಲ್ಕು ತಿಂಗಳು. ನಮ್ಮ ಐಟಿ ಕಂಪನಿಗಳ ನೋಟಿಸ್ ಪೀರಿಯಡ್ ಹೆಚ್ಚೆಂದರೆ ಮೂರು ತಿಂಗಳು. ಅಂದರೆ ಆಫರ್ ಬಂದ ಮೇಲೆ ಶುರು ಮಾಡಿದರೆ ನಾಯಿ ಹಿಂದೆ ಬೀಳುವುದು ಖಚಿತ. "ಈಗ ಹೋಗಿರೋಣ, ಆಮೇಲೆ ಕರೆಸಿಕೊಳ್ಳೋಣ" ಅನ್ನುವವರು ಇನ್ನೊಂದು ನಿಯಮ ಗಮನಿಸಬೇಕು. ಮಾಲೀಕ ಪ್ರಯಾಣ ಮಾಡಿದ ದಿನಕ್ಕಿಂತ ಐದು ದಿನ ಹಿಂದೆ-ಮುಂದೆಯೊಳಗೆ ನಾಯಿಯ ಪ್ರಯಾಣವೂ ಆಗಬೇಕು. ಇಲ್ಲದಿದ್ದರೆ ಅದನ್ನು ವ್ಯಾಪಾರದ ಸಾಗಣೆ ಅಂತ ಪರಿಗಣಿಸಿ ಬೇರೆಯೇ ನಿಯಮ ಹಾಕ್ತಾರೆ. ನಮ್ಮಲ್ಲಿ ಒಬ್ಬರು ಮೊದಲು ಬಂದು ಕೆಲಸಕ್ಕೆ ಸೇರಿದ್ದೆವು, ಇನ್ನೊಬ್ಬರು ರಾಗಿಯ ಜೊತೆ ಬಂದಿದ್ದು. ಹಾಗಾಗಿ ರಾಗಿಯ ಕಾಗದಗಳೆಲ್ಲ ಆಮೇಲೆ ಬರುವವರ ಹೆಸರಿನಲ್ಲಿದ್ದವು. ಮದುವೆಯಾದವರಿಗೆ ಇರುವ ಒಂದು ಅನುಕೂಲ ಇದು.

ಇಷ್ಟೆಲ್ಲ ಕಿರಿಕಿರಿ ಯಾಕೆ ಅಂತ ಬೈಯ್ಯುವ ಮುಂಚೆ ಕಾರಣ ತಿಳಿಯೋಣ. ಜಗತ್ತಿನಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಭಾರತದವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜರ್ಮನಿ 2008ರಲ್ಲೇ ನೆಲದ ಮೇಲಿನ ಪ್ರಾಣಿಗಳ ರೇಬಿಸ್‌ನಿಂದ ಮುಕ್ತವಾಗಿದೆ. ಬೇರೆ ದೇಶಗಳೂ ಹೀಗೇ. ಅಮೆರಿಕ 2024ರ ಆಗಸ್ಟ್ 1ರಿಂದ ಭಾರತದಂಥ ದೇಶಗಳಿಂದ ಬರುವ ನಾಯಿಗಳಿಗೆ ನಿಯಮ ಬಿಗಿ ಮಾಡಿದೆ, ಆರು ತಿಂಗಳಿಗಿಂತ ಚಿಕ್ಕ ಮರಿಗೆ ಪ್ರವೇಶವೇ ಇಲ್ಲ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿ ತರಲು ಬಿಡುವುದೇ ಇಲ್ಲ. ಇದು ನಮ್ಮ ನಾಯಿಗಳಿಗೆ ಮಾಡುವ ಅವಮಾನ ಅಂತ ನಮಗನ್ನಿಸಿಲ್ಲ. ನಾವು ಬೀದಿನಾಯಿಗಳಿಗೆ ಲಸಿಕೆ ಹಾಕುವುದರಲ್ಲಿ ಹಿಂದೆ ಬಿದ್ದಿದ್ದೇವೆ, ಅದರ ಬಿಲ್ಲನ್ನು ರಾಗಿಯಂಥವರು ಕಟ್ಟುತ್ತಿದ್ದಾರೆ, ಅಷ್ಟೇ.

ತಲುಪಿದ ಮೇಲೆ ಮನೆ ಹುಡುಕಾಟ. ಜರ್ಮನಿಯ ಉಚ್ಚ ನ್ಯಾಯಪೀಠ 2013ರಲ್ಲೇ ಒಂದು ತೀರ್ಪು ಕೊಟ್ಟಿದೆ: ಬಾಡಿಗೆ ಕರಾರಿನಲ್ಲಿ "ನಾಯಿ-ಬೆಕ್ಕು ಸಾಕಲೇಬಾರದು" ಅಂತ ಸಾರಾಸಗಟಾಗಿ ಬರೆದ ಷರತ್ತು ಊರ್ಜಿತವಲ್ಲ, ಒಂದೊಂದು ಪ್ರಕರಣವನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ಮನೆಗೆ ಸಾಲುಗಟ್ಟಿ ಜನ ಅರ್ಜಿ ಹಾಕುವ ಬರ್ಲಿನ್‌ನಲ್ಲಿ, ನಾಯಿ ಇಲ್ಲದ ದಂಪತಿಯನ್ನು ಆರಿಸಿಕೊಳ್ಳಲು ಮಾಲೀಕನಿಗೆ ಯಾವ ತೀರ್ಪೂ ಅಡ್ಡ ಬರೋದಿಲ್ಲ. ಕಾನೂನು ಬಾಗಿಲ ಒಳಗೆ ಇರುವವರನ್ನು ಕಾಪಾಡುತ್ತದೆ, ಹೊರಗೆ ನಿಂತವರನ್ನಲ್ಲ. ನಾವು ನಮ್ಮ ಸಂಬಳದ ಚೀಟಿಯ ಜೊತೆ ರಾಗಿಯದೂ ಒಂದು ಪುಟದ ಬಯೋಡೇಟಾ ಮಾಡಿ ಕಳಿಸಿದೆವು: ವಯಸ್ಸು, ತೂಕ, ಲಸಿಕೆ, ವಿಮೆ, ಒಂಟಿಯಾಗಿ ಎಷ್ಟು ಹೊತ್ತು ಇರ್ತಾಳೆ. ನಗಬೇಡಿ, ಅಲ್ಲಿ ಇದು ಮಾಮೂಲು.

ಖರ್ಚೂ ಹೇಳಿಬಿಡ್ತೀವಿ. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ ನಾಯಿ ತೆರಿಗೆ. ನಾಯಿ ಯಾರಿಗಾದರೂ ಹಾನಿ ಮಾಡಿದರೆ ಪರಿಹಾರ ಕೊಡಲು ಹೊಣೆಗಾರಿಕೆ ವಿಮೆ ಕಡ್ಡಾಯ. ಪಶುವೈದ್ಯರ ಫೀಸಿಗೆ ದೇಶಕ್ಕೆಲ್ಲ ಒಂದೇ ದರಪಟ್ಟಿ ಇದೆ, 2022ರ ನವೆಂಬರಿನಲ್ಲಿ ಅದು ಏರಿತು. ರಾತ್ರಿಯೋ ಭಾನುವಾರವೋ ತುರ್ತಾಗಿ ಓಡಿದರೆ ಚಿಕಿತ್ಸೆಯ ಹಣದ ಮೇಲೆ 50 ಯೂರೋ ತುರ್ತು ಶುಲ್ಕ ಬೇರೆ. ಇದನ್ನೆಲ್ಲ ಸಿಟಿಸಿ ನೋಡಿ ಖುಷಿ ಪಡುವ ಮುಂಚೆಯೇ ಕಳೆದು ನೋಡಿ.

ಆದರೆ ನಮಗೆ ದುಡ್ಡಿಗಿಂತ ದೊಡ್ಡ ವಿಷಯ ಅಂತ ಕಂಡದ್ದು ಬೇರೆ. ವಿದೇಶಕ್ಕೆ ಹೋಗುವ ದಂಪತಿಯಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಕೆಲಸ ಇರುತ್ತದೆ, ಇನ್ನೊಬ್ಬರು ಜೊತೆಗೆ ಹೋಗಿರ್ತಾರೆ. ಜೊತೆಗೆ ಹೋದವರು ಹೆಚ್ಚಾಗಿ ಹೆಂಡತಿ. ಬೆಂಗಳೂರಿನಲ್ಲಿ ಇದ್ದ ಕೆಲಸ, ಗೆಳತಿಯರು, ಭಾಷೆ ಎಲ್ಲ ಒಂದೇ ದಿನ ಹೋಗಿರುತ್ತದೆ. ಆಗ "ಹೇಗಿದ್ರೂ ಮನೇಲಿರ್ತೀಯ, ನಾಯಿ ನೋಡ್ಕೋ" ಅನ್ನುವುದು ಬಹಳ ಸುಲಭ. ನಾಯಿಯನ್ನು ಒಬ್ಬರ ಒಂಟಿತನಕ್ಕೆ ಔಷಧಿ ಮಾಡುವುದೂ, ಅದನ್ನೇ ಅವರ ಉದ್ಯೋಗ ಮಾಡುವುದೂ ಅನ್ಯಾಯ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನಿಯಲ್ಲಿ ಕೆಲಸ ಮಾಡುವ ಹಕ್ಕು ಮೊದಲ ದಿನದಿಂದಲೇ ಇದೆ. ಆ ಹಕ್ಕು ನಾಯಿಯ ಹೊಟ್ಟೆಪಾಡು ನೋಡುವುದರಲ್ಲೇ ಕರಗಬಾರದು.

ಅದಕ್ಕೇ ನಮ್ಮ ಮನೆಯಲ್ಲಿ ವಾಕಿಂಗ್ ಟೈಮ್‌ಟೇಬಲ್ ಗೋಡೆ ಮೇಲಿದೆ. ಬೆಳಗ್ಗೆ ಒಬ್ಬರು, ರಾತ್ರಿ ಇನ್ನೊಬ್ಬರು, ಮಧ್ಯಾಹ್ನದ್ದು ಸರದಿ ಪ್ರಕಾರ. ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಎಂಟು ಗಂಟೆ ಕಳೆದ ಮೇಲೆ ಹುಟ್ಟಿ ನಾಲ್ಕು ಗಂಟೆ ಆಗುವಷ್ಟರಲ್ಲಿ ಮುಳುಗುತ್ತಾನೆ. ಅಂದರೆ ಎರಡು ವಾಕಿಂಗೂ ಕತ್ತಲಲ್ಲೇ. ಮೈನಸ್ ಐದು ಡಿಗ್ರಿಯಲ್ಲಿ ನಾಯಿಯ ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದು ನಿಲ್ಲುವಾಗ ಸಮಾನತೆಯ ಪರೀಕ್ಷೆ ಆಗುತ್ತದೆ. ಇಬ್ಬರೂ ನಿಲ್ಲಲು ತಯಾರಿಲ್ಲದ ಮನೆಗೆ ನಾಯಿ ಬೇಡ.

ಹಾಗಾದರೆ ಇಷ್ಟೆಲ್ಲ ಕಷ್ಟಪಟ್ಟು ಸಿಕ್ಕಿದ್ದೇನು? ಒಂದು ಊರು ಸಿಕ್ಕಿತು. ಅಲ್ಲಿ ನಮ್ಮಂಥವರು ಬಹಳ ಜನ ವರ್ಷಗಟ್ಟಲೆ ಆಫೀಸು, ಇಂಡಿಯನ್ ಸ್ಟೋರು, ಮನೆ ಅಂತ ತ್ರಿಕೋನದಲ್ಲೇ ಸುತ್ತುತ್ತಾರೆ. ನಾಯಿ ಇದ್ದವರಿಗೆ ಆ ಸೌಲಭ್ಯ ಇಲ್ಲ. ದಿನಕ್ಕೆ ಮೂರು ಸಲ ಬೀದಿಗೆ ಇಳಿಯಲೇಬೇಕು. ಅಪರಿಚಿತರ ಮುಖ ನೋಡದ ಬರ್ಲಿನ್ ಜನ ನಾಯಿಯ ಮುಖ ನೋಡ್ತಾರೆ. ನಾವು ಬೀದಿಯಲ್ಲಿ ಕಲಿತ ಮೊದಲ ಜರ್ಮನ್ ವಾಕ್ಯ "ರ್‍ಯೂಡೆ ಓಡರ್ ಹ್ಯುಂಡಿನ್?" ಅಂದರೆ ಗಂಡೋ ಹೆಣ್ಣೋ ಅಂತ. ಎರಡೂ ಕಡೆ ನಾಯಿ ಇದ್ದಾಗ ಮಾತು ಶುರುವಾಗುವುದೇ ಅಲ್ಲಿಂದ. ಗ್ರೂನೆವಾಲ್ಡ್ ಕಾಡಿನ ಕೆರೆಯ ಹತ್ತಿರ ನಾಯಿಗಳನ್ನು ಹಗ್ಗ ಬಿಚ್ಚಿ ಬಿಡಬಹುದಾದ ಜಾಗ ಇದೆ. ಅಲ್ಲಿ ಸಿಗುವ ಒಬ್ಬರು ನಿವೃತ್ತ ಅಜ್ಜಿ ಈಗ "ರಾಗಿ, ಬಾ ಬಾ" ಅಂತಲೇ ಕರೀತಾರೆ. ರಾಗಿಗೆ ಬರುವುದು ಕನ್ನಡ ಮಾತ್ರ, ಹಾಗಾಗಿ ಅಜ್ಜಿಯೇ "ಬಾ", "ಕೂತ್ಕೋ", "ಬೇಡ" ಕಲಿತರು. ಇಲ್ಲಿ ನಮ್ಮ ಕನ್ನಡ ಸಂಘಕ್ಕೆ ಇಷ್ಟು ಸುಲಭವಾಗಿ ಯಾರನ್ನೂ ಸೇರಿಸಿದ ನೆನಪಿಲ್ಲ!

ರಾಗಿ ಕಳೆದುಕೊಂಡಿದ್ದೂ ಇದೆ, ಅದನ್ನು ಮುಚ್ಚಿಡೋದಿಲ್ಲ. ಬೆಂಗಳೂರಿನ ಸಂಜೆಯಲ್ಲಿ ಟೆರೇಸ್ ಮೇಲೆ ನಿಂತು ಇಡೀ ಬೀದಿಯ ನಾಯಿಗಳಿಗೆ ಉತ್ತರ ಕೊಡುತ್ತಿದ್ದವಳು, ಈಗ ರಾತ್ರಿ ಹತ್ತರ ನಂತರ ಬೊಗಳಿದರೆ ಕೆಳಗಿನ ಮನೆಯವರು ಚೀಟಿ ಅಂಟಿಸ್ತಾರೆ. ಬೀದಿಯಲ್ಲಿ ಒಡೆಯನಿಲ್ಲದ ನಾಯಿಯೇ ಇಲ್ಲ. ಪ್ರಾಣಿ ರಕ್ಷಣೆಯನ್ನು 2002ರಲ್ಲಿ ಸಂವಿಧಾನಕ್ಕೇ ಸೇರಿಸಿದ ದೇಶ ಅದು. ಅಲ್ಲಿ ನಾಯಿಗೆ ರಕ್ಷಣೆ ಜಾಸ್ತಿ, ಸ್ವಾತಂತ್ರ್ಯ ಕಮ್ಮಿ. ಯಾವುದು ಹೆಚ್ಚು ಅಂತ ಅವಳನ್ನು ಕೇಳೋಕಾಗಲ್ಲ. ಅದಕ್ಕೇ ಎಲ್ಲ ನಾಯಿಯನ್ನೂ ಹೊತ್ತೊಯ್ಯಲೇಬೇಕು ಅಂತ ನಾವು ಹೇಳುತ್ತಿಲ್ಲ. ಹನ್ನೆರಡು ವರ್ಷದ ಮುದಿ ನಾಯಿ, ಹೃದಯದ ತೊಂದರೆ ಇರುವ ನಾಯಿ, ಉಸಿರಾಟಕ್ಕೇ ಕಷ್ಟಪಡುವ ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ವಿಮಾನದ ಸರಕು ವಿಭಾಗದ ಪ್ರಯಾಣ ಅಪಾಯ. ಅಂಥ ಜಾತಿಗಳನ್ನು ಹಲವು ವಿಮಾನ ಸಂಸ್ಥೆಗಳು ಒಪ್ಪುವುದೂ ಇಲ್ಲ. ಅವುಗಳಿಗೆ ಗೊತ್ತಿರುವ, ಪ್ರೀತಿಸುವ ಮನೆಯೊಂದನ್ನು ಇಲ್ಲೇ ನೋಡಿ ಕೊಡುವುದೂ ಜವಾಬ್ದಾರಿಯೇ. ಬೀದಿಗೆ ಬಿಡುವುದು ಮಾತ್ರ ಅಲ್ಲ.

ಈಗ ನಿಮ್ಮ ಕ್ಯಾಂಪಸ್ಸಿಗೆ ಬರ್ತೀವಿ. ಹಾಸ್ಟೆಲ್ ಹಿಂದೆ ಪ್ರತಿ ವರ್ಷ ಮರಿಗಳು ಹುಟ್ಟುತ್ತವೆ. ಫೈನಲ್ ಇಯರಿನಲ್ಲಿ ಯಾರೋ ಒಂದನ್ನು ಪಿಜಿಗೆ ಕರೆದೊಯ್ತಾರೆ, ಸ್ಟೇಟಸ್ ಹಾಕ್ತಾರೆ, ಮುದ್ದು ಮಾಡ್ತಾರೆ. ಎರಡು ವರ್ಷಕ್ಕೆ ಎಂಎಸ್ ಅಡ್ಮಿಷನ್ ಬರುತ್ತದೆ. ವಿದೇಶದ ವಿದ್ಯಾರ್ಥಿನಿಲಯಗಳಲ್ಲಿ ಸಾಮಾನ್ಯವಾಗಿ ನಾಯಿಗೆ ಜಾಗ ಇರುವುದಿಲ್ಲ. ಒಬ್ಬರೇ ಓದುತ್ತ, ಪಾರ್ಟ್‌ಟೈಮ್ ದುಡಿಯುತ್ತ ನಾಯಿ ನೋಡಿಕೊಳ್ಳುವುದೂ ಆಗದ ಮಾತು. ಆಗ ಗ್ರೂಪುಗಳಲ್ಲಿ ಮೆಸೇಜ್ ಬರುತ್ತದೆ: "ಅರ್ಜೆಂಟ್, ಅಡಾಪ್ಷನ್‌ಗೆ ಇದೆ, ಮುಂದಿನ ವಾರ ಫ್ಲೈಟ್." ಮನುಷ್ಯರ ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯ ಬದುಕು ಗೊತ್ತಿರುವುದಿಲ್ಲ. ಅದು ಉಳಿಯುವುದು ಕಷ್ಟ.

ಪ್ರೀತಿ ಇದ್ದರೆ ಮಾಡೋಕೆ ಬೇರೆ ಕೆಲಸ ಇದೆ. ಕ್ಯಾಂಪಸ್ ನಾಯಿಗಳನ್ನು ಕ್ಯಾಂಪಸ್ಸಿನವೇ ಆಗಿ ಬಿಡಿ. ನಾಲ್ಕು ಜನ ಸೇರಿ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ, ನೀವು ಹೋದ ಮೇಲೆ ನೋಡಿಕೊಳ್ಳಲು ಜೂನಿಯರ್ಸ್‌ಗೆ ಹೇಳಿ ಹೋಗಿ. ಮನೆಗೇ ತರುವುದಾದರೆ, ತರುವ ವಾರವೇ ನಿಮ್ಮನ್ನು, ಸಂಗಾತಿ ಇದ್ದರೆ ಅವರನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಊರು ಬಿಟ್ಟರೆ ಇದನ್ನೂ ಕರೆದೊಯ್ಯುತ್ತೇವಾ? ಹೌದು ಅಂತಾದರೆ ಮೊದಲ ತಿಂಗಳಲ್ಲೇ ಚಿಪ್ ಹಾಕಿಸಿ, ಆಮೇಲೆ ಲಸಿಕೆ, ಆಮೇಲೆ ರಕ್ತಪರೀಕ್ಷೆ. ಬೂಸ್ಟರ್ ಒಂದು ಸಲವೂ ತಪ್ಪದಿದ್ದರೆ ಯುರೋಪಿನ ಮಟ್ಟಿಗೆ ಆ ರಕ್ತಪರೀಕ್ಷೆ ನಾಯಿಯ ಆಯುಷ್ಯಪೂರ್ತಿ ನಡೆಯುತ್ತದೆ. ಯಾವ ಆಫರ್ ಯಾವಾಗ ಬಂದರೂ ಚಿಂತೆಯಿಲ್ಲ.

ಉತ್ತರ ಇಲ್ಲ ಅಂತಾದರೆ, ಅಥವಾ ಗೊತ್ತಿಲ್ಲ ಅಂತಾದರೆ, ಮರಿಯನ್ನು ಅದರ ತಾಯಿಯ ಹತ್ತಿರವೇ ಬಿಟ್ಟು ದಿನಾ ಹೋಗಿ ಒಂದು ಬಿಸ್ಕತ್ತು ಕೊಟ್ಟು ಬನ್ನಿ. ಅದಕ್ಕೆ ಅಷ್ಟು ಸಾಕು.