ಕೊಳ್ಳುವವನ ಪರವಾಗಿ ನೋಡುವವರು ಯಾರು?

ಹೊಸಪೇಟೆಯಲ್ಲಿ ಹಳೆಯ ಮನೆಯೊಂದು ಮಾರಾಟಕ್ಕೆ ಬಂದರೆ ದಲ್ಲಾಳಿ ಬರುತ್ತಾನೆ, ದಸ್ತಾವೇಜು ಬರೆಯುವವನು ಬರುತ್ತಾನೆ. ಸಾಲ ಕೊಡುವ ಬ್ಯಾಂಕೂ ತನ್ನ ಮೌಲ್ಯಮಾಪಕನನ್ನು ಕಳಿಸುತ್ತದೆ. ಆತ ನೋಡುವುದು ಬ್ಯಾಂಕಿನ ಹಣದ ಕ್ಷೇಮವನ್ನು. ವರ್ಷಗಟ್ಟಲೆ ಕಂತು ಕಟ್ಟಬೇಕಾದ ಕಾರ್ಮಿಕನ ಪರವಾಗಿ ಗೋಡೆ ತಟ್ಟಿ ನೋಡುವವರು ಯಾರೂ ಇಲ್ಲ. ಹೊಸ ಸುಣ್ಣ ಕಂಡು ಸಂಚಕಾರ ಕೊಟ್ಟುಬಿಡುತ್ತೇವೆ.

ಕಂಪ್ಲಿ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದನ್ನು ಯಾವ ರೈತನೂ ಬಲ್ಲ. ಅಂಥ ನೆಲದಲ್ಲಿ ಪಾಯ ಆಳವಿಲ್ಲದಿದ್ದರೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಮಾರಾಟದ ದಿನ ಕಾಣದು. ಮುಂದಿನ ಬೇಸಿಗೆಗೆ ಹೊಸ ಯಜಮಾನನಿಗೆ ದರ್ಶನ ಕೊಡುತ್ತದೆ! ಹಳೆಯ ಮಾಳಿಗೆ ಮನೆಗಳಲ್ಲಿ ಜಂತೆಯ ತುದಿಯನ್ನು ಗೋಡೆಯೊಳಗೇ ಗೆದ್ದಲು ತಿಂದಿರಬಹುದು. ಇಂಥದ್ದನ್ನು ಹುಡುಕಲು ಪಳಗಿದ ಇಂಜಿನಿಯರನ ಕಣ್ಣು ಬೇಕು.

ಮಾರುವವನು ತನಗೆ ತಿಳಿದ ಗುಪ್ತದೋಷವನ್ನು ಹೇಳಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು ಹೇಳುತ್ತದೆ. ಸಾಮಾನ್ಯ ಎಚ್ಚರದಿಂದ ಕಾಣಬಹುದಾಗಿದ್ದ ದೋಷಕ್ಕೆ ಆ ರಕ್ಷಣೆಯಿಲ್ಲ. 2016ರ ರೇರಾ ಕಾಯಿದೆ ಕಟ್ಟಡದ ದೋಷಕ್ಕೆ 5 ವರ್ಷದ ಹೊಣೆ ಹೊರಿಸಿರುವುದು ಬಿಲ್ಡರನ ಮೇಲೆ, ಹಳೆಯ ಮನೆ ಮಾರುವ ನೆರೆಯವನ ಮೇಲಲ್ಲ. ಹಂಪಿಯ ಸುತ್ತ ಗೋಡೆ ಗಟ್ಟಿಯಿದ್ದರೂ ಸಾಲದು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ.

ಇಂಜಿನಿಯರನ ಫೀಜು ದುಬಾರಿಯೆಂಬ ಮಾತುಂಟು. ಮನೆಯ ಬೆಲೆಯ ಮುಂದೆ ಅದೆಷ್ಟು? ಹೊಸಪೇಟೆಯ, ಸಂಡೂರಿನ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಸೇರಿ ಒಬ್ಬ ಇಂಜಿನಿಯರನನ್ನು ಗೊತ್ತುಮಾಡಲಿ. ಆತ ನೋಡಿ ಒಪ್ಪದಿದ್ದರೆ ಹಣ ವಾಪಸೆಂದು ಸಂಚಕಾರದ ಚೀಟಿಯಲ್ಲೇ ಬರೆಸಿಕೊಳ್ಳಲಿ.