ಪೇಟೆಯವರೇ, ಇದಕ್ಕೂ ಕೂಗಿ

ಪೇಟೆಯಲ್ಲಿ ಯಾರಾದರೂ "ಕಳ್ಳ, ಕಳ್ಳ" ಎಂದು ಕೂಗಲಿ. ಹೂ ಮಾರುವಾಕೆ ಮೊಳ ಹಾಕುವುದನ್ನು ಬಿಟ್ಟು ಎದ್ದು ನಿಲ್ಲುತ್ತಾಳೆ, ಹಮಾಲಿ ಮೂಟೆ ಇಳಿಸಿ ಓಡುತ್ತಾನೆ, ಅಂಗಡಿಯವನು ತಕ್ಕಡಿ ಬಿಟ್ಟು ಬೀದಿಗಿಳಿಯುತ್ತಾನೆ. ಐನೂರು ರೂಪಾಯಿಯ ಪರ್ಸಿಗಾಗಿ ಇಡೀ ಗಲ್ಲಿ ಒಂದಾಗುತ್ತದೆ. ಅದೇ ಗಲ್ಲಿಯಲ್ಲಿ ಹನ್ನೆರಡರ ಹುಡುಗಿಯ ಮೈಮೇಲೆ ಒಬ್ಬ ಕೈಹಾಕಿ ಜನರ ನಡುವೆ ನುಸುಳಿ ಹೋದರೆ, ಕಂಡವರೆಲ್ಲ ಕೊತ್ತಂಬರಿ ಕಟ್ಟಿನ ಚೌಕಾಸಿಗೆ ಮರಳುತ್ತಾರೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ಕಡೆ ಬಾಳೆಕಂದು, ಆ ಕಡೆ ಸೇವಂತಿಗೆ ರಾಶಿ, ನಡುವೆ ಒಬ್ಬರು ಹೋಗುವಷ್ಟು ದಾರಿ. ಹಬ್ಬ ಬಂದರೆ ಮೈಸೂರಿನ ದೇವರಾಜ ಮಾರುಕಟ್ಟೆಯೂ ಹುಬ್ಬಳ್ಳಿಯ ದುರ್ಗದಬೈಲೂ ಹೀಗೇ. ಆ ಇಕ್ಕಟ್ಟಿನಲ್ಲಿ ಹೆಣ್ಣುಮಕ್ಕಳು ನಡೆಯುವ ರೀತಿ ಗಮನಿಸಿ. ಬೆನ್ನಿಗಿರಬೇಕಾದ ಬ್ಯಾಗು ಎದೆಗೆ ಬಂದಿರುತ್ತದೆ. ಮೊಣಕೈ ಹೊರಕ್ಕೆ ಚಾಚಿರುತ್ತದೆ. ಕೆಲವರ ಬೆರಳ ನಡುವೆ ಪಿನ್ನು. ಅಕ್ಕ ತಂಗಿಗೆ, ಅಮ್ಮ ಮಗಳಿಗೆ ಕಲಿಸಿದ ವಿದ್ಯೆ ಇದು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಟ್ಟಿರುತ್ತಾರೆ: "ಏನೂ ಆಗದ ಹಾಗೆ ಸುಮ್ಮನೆ ಬಾ." ಆ ತಾಯಿಯನ್ನು ನಾನು ದೂರಲಾರೆ. ಕೂಗಿದರೆ ಜನ ಮೊದಲು ತಿರುಗಿ ನೋಡುವುದು ಮಗಳನ್ನೇ ಎಂದು ಆಕೆಗೆ ಗೊತ್ತು.

"ಗದ್ದಲದಲ್ಲಿ ಕೈ ತಾಗಿರಬಹುದು ಬಿಡಿ" ಎನ್ನುವವರಿದ್ದಾರೆ. ಅರಿಯದೆ ತಾಗಿದವನು "ಸಾರಿ ಕಣಮ್ಮ" ಎಂದು ಪಕ್ಕಕ್ಕೆ ಸರಿಯುತ್ತಾನೆ. ಇವನು ಮುಂದಿನ ತಿರುವಿನಲ್ಲಿ ಮತ್ತೆ ಎದುರಾಗುತ್ತಾನೆ. ವ್ಯತ್ಯಾಸ ಮಗುವಿಗೂ ಗೊತ್ತು, ನಮಗೂ ಗೊತ್ತು.

ಕಾನೂನಿಗಂತೂ ಗೊತ್ತೇ ಇದೆ. ಹದಿನೆಂಟು ತುಂಬದವರ ಗುಪ್ತಾಂಗವನ್ನೋ ಎದೆಯನ್ನೋ ಲೈಂಗಿಕ ಉದ್ದೇಶದಿಂದ ಮುಟ್ಟಿದರೆ 2012ರ ಪೋಕ್ಸೊ ಕಾಯ್ದೆಯಡಿ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಜೈಲು. ಮಗುವಿಗೆ ಹನ್ನೆರಡು ತುಂಬಿಲ್ಲದಿದ್ದರೆ ಅದು 5ರಿಂದ 7 ವರ್ಷ. ಬಟ್ಟೆಯ ಮೇಲಿಂದ ಮುಟ್ಟಿದ್ದು ಎಂಬ ನೆಪವನ್ನು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲೇ ತಳ್ಳಿಹಾಕಿದೆ. ಇಷ್ಟೇ ಅಲ್ಲ, ಇಂಥದ್ದು ನಡೆದಿದೆ ಎಂದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅದೇ ಕಾಯ್ದೆಯಡಿ ಅಪರಾಧ. "ನಮಗ್ಯಾಕೆ ಊರ ಉಸಾಬರಿ" ಎನ್ನುವ ಸ್ವಾತಂತ್ರ್ಯ ನಮಗಿಲ್ಲ.

ಠಾಣೆ ಮೆಟ್ಟಿಲು ಹತ್ತಿಸಬೇಕಲ್ಲ ಎಂದು ಮನೆಯವರು ಹೆದರುತ್ತಾರೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಎಸ್ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ, ಅದೂ ಸಮವಸ್ತ್ರವಿಲ್ಲದೆ ಬರಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಗೆ ಬರುವಂತೆ ಹಕ್ಕಿನಿಂದ ಕೇಳಿ.

ವ್ಯಾಪಾರಿ ಸಂಘದವರೇ, ನಿಮ್ಮನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ದಾರಿ ಇಕ್ಕಟ್ಟಾದದ್ದು ಅರ್ಧ ನಮ್ಮ ನೂಕುನುಗ್ಗಲಿನಿಂದ, ಇನ್ನರ್ಧ ನೀವು ಸರಕನ್ನು ಅಂಗಡಿಯಿಂದ ಎರಡಡಿ ಮುಂದಕ್ಕೆ ಹರವಿದ್ದರಿಂದ. ಸರಕನ್ನು ಒಳಗೆ ಎಳೆದುಕೊಳ್ಳಿ. ಗಲ್ಲಾಪೆಟ್ಟಿಗೆ ಕಾಯುವ ಕ್ಯಾಮೆರಾಗಳಲ್ಲಿ ಒಂದನ್ನಾದರೂ ದಾರಿಯ ಕಡೆ ತಿರುಗಿಸಿ. ಜೇಬುಗಳ್ಳರ ಬಗ್ಗೆ ಎಚ್ಚರಿಸುವ ಮೈಕಿನಲ್ಲೇ ಹೆಣ್ಣುಮಕ್ಕಳ ಮೈಮುಟ್ಟುವವರಿಗೂ ಎಚ್ಚರಿಕೆ ಹೇಳಿ. ನಿತ್ಯ ಅದೇ ಗಲ್ಲಿಯಲ್ಲಿ ಸುಳಿದಾಡುವ ಮುಖಗಳು ನಿಮಗೆ ಪರಿಚಯವಿಲ್ಲದವೇನಲ್ಲ.

ಹಾಗೆಂದು ಹಿಡಿದು ಬಡಿಯಿರಿ ಎನ್ನುತ್ತಿಲ್ಲ. ಅವನ ಜಾತಿ ಧರ್ಮ ಕೇಳುವ, ಹುಡುಗಿ ಏನು ತೊಟ್ಟಿದ್ದಳು, ಯಾರ ಜೊತೆ ಬಂದಿದ್ದಳು ಎಂದು ವಿಚಾರಿಸುವ ಪುಂಡರ ಪಡೆಯಂತೂ ಬೇಡವೇ ಬೇಡ. ಅವರು ಬಂದರೆ ಆ ಮಗುವಿಗೆ ಎರಡನೆಯ ಕಾಟ.

ಮುಂದಿನ ಹಬ್ಬದ ಸಂತೆಗೆ ಹೋದಾಗ, ಹುಡುಗಿಯೊಬ್ಬಳು ಬೆಚ್ಚಿ ನಿಂತದ್ದು ಕಂಡರೆ ನೀವೂ ನಿಲ್ಲಿ. "ಏನಾಯ್ತಮ್ಮ, ಯಾರವನು?" ಎಂದು ಸುತ್ತಲಿನವರಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿ. ಅವನನ್ನು ತಡೆದು ನಿಲ್ಲಿಸಿ, 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ. ಪೊಲೀಸರು ಬರುವ ತನಕ ಆ ಮಗುವನ್ನು ಯಾವುದಾದರೂ ಅಂಗಡಿಯೊಳಗೆ ಕೂರಿಸಿ, ನೀವು ಬಾಗಿಲಲ್ಲಿ ನಿಂತಿರಿ.