ರಕ್ತದ ರಿಪೋರ್ಟು ಮತ್ತು ಎಣ್ಣೆ ಹೊಡೆದ ಕೈ



ಬಳ್ಳಾರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುವವರು ಈಗ ನಮ್ಮ ಹಳ್ಳಿಗಳಲ್ಲೂ ಬಹಳ. ರಿಪೋರ್ಟಿನಲ್ಲಿ ಎಚ್‌ಡಿಎಲ್ ಎಂಬ ಸಾಲು ನೋಡಿ, ಒಳ್ಳೆಯ ಕೊಲೆಸ್ಟ್ರಾಲ್ ಚೆನ್ನಾಗಿದೆ ಎಂದು ಸಮಾಧಾನಪಡುತ್ತೀರಿ. ಸಂತೋಷ. ಆದರೆ ಆ ಸಂಖ್ಯೆ ಹೇಳದ ಸಂಗತಿಯೊಂದಿದೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲೋ ಕುರುಗೋಡಿನ ಹತ್ತಿ, ಮೆಣಸಿನಕಾಯಿ ಹೊಲದಲ್ಲೋ ಬೆಳಿಗ್ಗೆ ಎಣ್ಣೆ ಹೊಡೆದು ಸಂಜೆ ಹಾಲು ಕರೆಯುವ ನಮಗೆ ಅದೇ ಮುಖ್ಯ.

ಡೇರಿಗೆ ಹಾಕಿದ ಹಾಲು ಎಷ್ಟು ಲೀಟರ್ ಎಂದಷ್ಟೇ ಬರೆದುಕೊಂಡರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಗೊತ್ತಾಗುತ್ತದೆಯೇ? ಎಚ್‌ಡಿಎಲ್ ಸಂಖ್ಯೆಯೂ ಹಾಗೆಯೇ. ಎಚ್‌ಡಿಎಲ್ ಎಂದರೆ ರಕ್ತದಲ್ಲಿ ಓಡಾಡುವ ಅತಿ ಸಣ್ಣ ಕಣಗಳು. ಆ ಕಣಗಳಲ್ಲಿ ಎಷ್ಟು ಕೊಲೆಸ್ಟ್ರಾಲ್ ಇದೆ ಎಂಬುದನ್ನಷ್ಟೇ ರಿಪೋರ್ಟು ಹೇಳುತ್ತದೆ. ಕಣದ ತೂಕದಲ್ಲಿ ಸುಮಾರು ಅರ್ಧ ಪ್ರೋಟೀನ್. ಕೆಲಸ ಮಾಡುವುದೂ ಅದೇ. ದೊಡ್ಡ ಪಾಲು ಅಪೊ ಎ-1 ಎಂಬುದರದು. ಉಳಿದ ಹತ್ತಾರು ಬಗೆಯ ಪ್ರೋಟೀನುಗಳ ಲೆಕ್ಕ ರಿಪೋರ್ಟಿನಲ್ಲಿ ಬರುವುದಿಲ್ಲ. 2006ರಲ್ಲಿ ಟಾರ್ಸೆಟ್ರಪಿಬ್ ಎಂಬ ಮಾತ್ರೆಯ ಪ್ರಯೋಗದಲ್ಲಿ ಎಚ್‌ಡಿಎಲ್ ಸಂಖ್ಯೆ ಚೆನ್ನಾಗಿ ಏರಿತು, ಆದರೆ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಆ ಹತ್ತಾರರಲ್ಲಿ ಒಂದರ ಹೆಸರು ಪ್ಯಾರಾಕ್ಸೊನೇಸ್. ಇಂಗ್ಲೆಂಡಿನ ವಿಜ್ಞಾನಿ ಆಲ್‌ಡ್ರಿಜ್ 1953ರಲ್ಲೇ ಇದರ ಬಗ್ಗೆ ಬರೆದಿದ್ದರು. ಪ್ಯಾರಾಥಿಯಾನ್ ಎಂಬ ಕೀಟನಾಶಕ ಮೈಯೊಳಗೆ ಪ್ಯಾರಾಕ್ಸಾನ್ ಎಂಬ ವಿಷವಾಗುತ್ತದೆ. ಅದನ್ನು ಒಡೆಯುವುದರಿಂದ ಈ ಹೆಸರು. ನಾವು ಹೊಡೆಯುವ ಕ್ಲೋರ್‌ಪೈರಿಫಾಸ್ ಕೂಡ ಅದೇ ಜಾತಿಯದು. ಅದು ಚರ್ಮದಿಂದಲೋ ಉಸಿರಿನಿಂದಲೋ ಒಳಹೊಕ್ಕು, ಪಿತ್ತಜನಕಾಂಗದಲ್ಲಿ ಇನ್ನೂ ಕಡು ವಿಷವಾಗಿ, ನರಗಳನ್ನು ಹಿಡಿಯುತ್ತದೆ. ಆ ಕಡು ವಿಷದ ಒಂದಿಷ್ಟನ್ನು ರಕ್ತದಲ್ಲೇ ಒಡೆಯುವುದು ಈ ಪ್ರೋಟೀನ್.

ಹಾಗಾದರೆ ಭಯವಿಲ್ಲ ಎನ್ನಬೇಡಿ. ಇದರ ಶಕ್ತಿ ಒಬ್ಬರಿಂದ ಒಬ್ಬರಿಗೆ ಹತ್ತು ಪಟ್ಟಿಗೂ ಮಿಗಿಲಾಗಿ ಬೇರೆಯಾಗುತ್ತದೆ. ಹುಟ್ಟಿನಿಂದಲೇ ಬರುವ ವ್ಯತ್ಯಾಸ ಅದು. ಧೂಮಪಾನ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ನಾವಾದರೋ ಪಂಪು ಇಳಿಸಿದ ಕೂಡಲೇ ಬೀಡಿ ಹಚ್ಚುವವರು. ಕೋಳಿ, ಹಕ್ಕಿಗಳ ರಕ್ತದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದಲೇ ಈ ಎಣ್ಣೆಗಳಿಗೆ ಅವು ಬೇಗ ಸಾಯುತ್ತವೆ. ಹಸುಗೂಸಿನಲ್ಲೂ ತಾಯಿಗಿಂತ ಬಹಳ ಕಡಿಮೆ. ಬೆಳೆದಂತೆ ನಿಧಾನವಾಗಿ ಹೆಚ್ಚುತ್ತದೆ. 'ಇಪ್ಪತ್ತು ವರ್ಷದಿಂದ ಹೊಡೀತಿದೀನಿ, ನನಗೇನಾಗಿದೆ?' ಎನ್ನುವ ಅಣ್ಣನ ಮಾತು ಅವನ ಮೈಯ ಮಟ್ಟಿಗೆ ನಿಜವಿರಬಹುದು. ಅವನ ಅಂಗಿ ಒಗೆಯುವ ಹೆಂಡತಿಗೆ, ತೊಡೆಯೇರುವ ಮಗುವಿಗೆ ಆ ಮಾತು ಸಲ್ಲುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿದೆ. ಎಣ್ಣೆ ಹೊಡೆದ ಬಟ್ಟೆಯಲ್ಲೇ ಕ್ಯಾನು ಹಿಡಿದು ಡೇರಿಗೆ ಬಂದವರನ್ನು ಸಂಘದ ಕಾರ್ಯದರ್ಶಿ ಸುಮ್ಮನೆ ಬಿಡಬಾರದು. ನೀರು ಬೆರೆಸಿದ ಹಾಲನ್ನು ವಾಪಸು ಕಳಿಸುವ ನಾವು ಇದನ್ನೇಕೆ ನೋಡಿಯೂ ನೋಡದಂತೆ ಇದ್ದೇವೆ? ಮೊದಲು ಸ್ನಾನ, ಆಮೇಲೆ ಕೊಟ್ಟಿಗೆ. ಒಗೆಯುವಾಗ ಆ ಬಟ್ಟೆ ಬೇರೆ. ಹೊಡೆದ ಗದ್ದೆಯ ಬದುವಿನ ಹುಲ್ಲನ್ನು ಎಮ್ಮೆಗೆ ಕೊಯ್ದು ಹಾಕಬೇಡಿ, ಎಣ್ಣೆಯ ಡಬ್ಬಿ ತೊಳೆದು ನೀರಿಗೆ ಬಳಸಬೇಡಿ. ಬಿಸಿಲಲ್ಲಿ ಕೈಚೀಲ ಹಾಕಿದರೆ ಬೆವರುತ್ತದೆ, ಗೊತ್ತು. ಆದರೂ ಎಣ್ಣೆ ಕಲಸುವಾಗಲಾದರೂ ಹಾಕಿ.

ಹೊಡೆದ ಮೇಲೆ ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಉಸಿರು ಕಟ್ಟಿದಂತೆ ಆದರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎಣ್ಣೆಯ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಎಣ್ಣೆ ಎಂದು ಚೀಟಿ ನೋಡಿ ಗೊತ್ತಾದರೆ ಅಟ್ರೋಪಿನ್ ಕೊಡಲು ವೈದ್ಯರು ತಡಮಾಡಬೇಕಾಗುವುದಿಲ್ಲ.